ಹದಿನೇಳನೇ ಗಾಡಿಯ ರಾಜಿ

ಬ್ರೇಕ್ ಹಿಡಿಯಲಿಲ್ಲ ಎಂದು ನನ್ನ ತಮ್ಮ ಹೇಳುತ್ತಿದ್ದ. ಬ್ರೇಕ್ ಸರಿಯಾಗಿಯೇ ಇತ್ತು ಎಂದು ನನ್ನ ಗಂಡ ಹೇಳುತ್ತಿದ್ದರು. ಇಬ್ಬರಲ್ಲಿ ಒಬ್ಬರಾದರೂ ಸುಳ್ಳುಗಾರರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ನನ್ನ ತಮ್ಮ ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದಾಗ ಕಲ್ಲಿನ ಸಮೇತ ಹೋಗಿ ಒಪ್ಪಿಕೊಂಡವನು. ಗಂಡನೋ, ಅಡುಗೆ ಹೇಗಿದೆ ಎಂದು ಕೇಳಿದಾಗಲೆಲ್ಲ ಇಪ್ಪತ್ತಾರು ವರ್ಷಗಳಿಂದ ನಿಜವನ್ನೇ ಹೇಳುತ್ತ ಬಂದಿರುವ ಮನುಷ್ಯ. ಅಂಥವರನ್ನು ಕಟ್ಟಿಕೊಂಡು ನಾನು ಬದುಕಿದ್ದೇನೆ ಎಂದರೆ ನನ್ನ ಸ್ವಭಾವ ಎಷ್ಟು ಒಳ್ಳೆಯದು ಎಂದು ನೀವೇ ಊಹಿಸಿಕೊಳ್ಳಬಹುದು.

ಮೂವರೂ ಒಂದೇ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತೇವೆ. ಗಂಡ ವರ್ಕ್‌ಶಾಪಿನಲ್ಲಿ ಬ್ರೇಕ್ ವಿಭಾಗದ ಮೇಸ್ತ್ರಿ. ತಮ್ಮ ಹದಿನೇಳನೇ ನಂಬರ್ ಗಾಡಿಯ ಬೆಳಗಿನ ಪಾಳಿಯ ಡ್ರೈವರ್. ನಾನು ಸೀಟು ಹೊಲಿಯುವವಳು. ಹರಿದ ರೆಕ್ಸಿನ್ ಬಿಚ್ಚಿ, ಕುಸಿದ ಫೋಮ್ ತೆಗೆದು, ಹೊಸದು ತುಂಬಿ, ದಪ್ಪ ಸೂಜಿಯಲ್ಲಿ ಹೊಲಿದು ಕೂರಿಸುವುದು ನನ್ನ ಕೆಲಸ. ಎಂಜಿನ್ ಕೆಟ್ಟರೆ ಡಿಪೋ ತಲೆ ಮೇಲೆ ಕೈ ಹೊತ್ತು ಕೂರುತ್ತದೆ, ಸೀಟು ಹರಿದರೆ ಪ್ರಯಾಣಿಕರೇ ಬೆರಳು ಹಾಕಿ ಇನ್ನಷ್ಟು ಹರಿಯುತ್ತಾರೆ. ನನ್ನ ಕೆಲಸಕ್ಕೆ ಸಿಕ್ಕುವ ಮರ್ಯಾದೆ ಅಷ್ಟೇ.

ನಡೆದದ್ದು ಇಷ್ಟು. ಒಂದು ಬೆಳಗ್ಗೆ ಮೊದಲ ಟ್ರಿಪ್ಪಿನಲ್ಲಿ ಹದಿನೇಳನೇ ಗಾಡಿ ತಿರುವಿನಲ್ಲಿ ನಿಲ್ಲಬೇಕಾದಲ್ಲಿ ನಿಲ್ಲದೆ ಹೋಗಿ ಒಂದು ಕಾಂಪೌಂಡ್ ಗೋಡೆಗೆ ಗುದ್ದಿತು. ವೇಗ ಕಡಿಮೆಯಿತ್ತು, ಪುಣ್ಯ. ಒಬ್ಬ ಅಜ್ಜಿಯ ಮಣಿಕಟ್ಟು ಉಳುಕಿತು, ಆಕೆ ನನ್ನ ತಮ್ಮನ ಏಳು ತಲೆಮಾರನ್ನು ಬೈದು ಸಮಾಧಾನ ಮಾಡಿಕೊಂಡರು. ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿದ್ದ ಗೋಡೆ ಸರ್ಕಾರಿ ಕಚೇರಿಯದು. ಗೋಡೆ ಬಿದ್ದ ಸದ್ದಿಗಿಂತ ಅದರ ಕಾಗದದ ಸದ್ದು ಜೋರಾಯಿತು. ತಿಂಗಳ ಕೊನೆಯ ಸೋಮವಾರ ಮುಖ್ಯ ಕಚೇರಿಯಿಂದ ವಿಚಾರಣೆಗೆ ಅಧಿಕಾರಿ ಬರುತ್ತಾರೆ ಎಂದಾಯಿತು.

ವಿಚಾರಣೆಯ ಹಾಳೆಯಲ್ಲಿ ಎರಡೇ ಕಲಂ: ಚಾಲಕನ ದೋಷ, ಇಲ್ಲವೇ ವಾಹನದ ದೋಷ. ಮೊದಲನೆಯದಾದರೆ ತಮ್ಮನ ಕೆಲಸ ಹೋಗುತ್ತದೆ. ಎರಡನೆಯದಾದರೆ ಆ ದಿನ ಬೆಳಗ್ಗೆ ‘ಗಾಡಿ ಸರಿಯಿದೆ’ ಎಂದು ಸಹಿ ಹಾಕಿ ಕಳುಹಿಸಿದ ಗಂಡನ ಕೆಲಸ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನ್ನ ಪಾಲಿಗೆ ದರಿಯೂ ನಮ್ಮವರೇ, ಪುಲಿಯೂ ನಮ್ಮವರೇ.

ತಾವು ಹೇಳಿದ್ದೇ ನಿಜವೆಂದು ಇಬ್ಬರೂ ಮುಖ್ಯ ಕಚೇರಿಗೆ ಕಾಗದ ಬರೆದರು. ಆಮೇಲೆ ಮಾತು ಬಿಟ್ಟರು. ಇಬ್ಬರ ಹಿಂದೆ ಇಡೀ ಡಿಪೋ ಎರಡಾಯಿತು. ಡ್ರೈವರುಗಳೆಲ್ಲ ತಮ್ಮನ ಕಡೆ, ವರ್ಕ್‌ಶಾಪಿನವರೆಲ್ಲ ಗಂಡನ ಕಡೆ. ಕ್ಯಾಂಟೀನಿನಲ್ಲಿ ಡ್ರೈವರುಗಳು ಬಾಗಿಲ ಬಳಿಯ ಮೇಜುಗಳಿಗೆ, ವರ್ಕ್‌ಶಾಪಿನವರು ಕಿಟಕಿ ಬಳಿಯ ಮೇಜುಗಳಿಗೆ ಸೇರಿಕೊಂಡರು. ನಡುವಿನ ಒಂದು ಮೇಜಿಗೆ ಯಾರೂ ಕೂರುತ್ತಿರಲಿಲ್ಲ, ಎರಡು ದೇಶಗಳ ನಡುವಿನ ಗಡಿಯ ಹಾಗೆ ಅದು ಖಾಲಿ ಬಿದ್ದಿತ್ತು. ನಾನು ಹೋಗಿ ಅಲ್ಲೇ ಕೂತು ನನ್ನ ಡಬ್ಬಿ ಬಿಚ್ಚಿದೆ. ಅಗಲವಾದ ಮೇಜು, ಒಬ್ಬಳಿಗೇ, ಆರಾಮವಾಗಿತ್ತು.

ಯುದ್ಧವೆಲ್ಲ ನಡೆದದ್ದು ದೂರು ಪುಸ್ತಕದಲ್ಲಿ. ಪಾಳಿ ಮುಗಿಸಿದ ಡ್ರೈವರು ಗಾಡಿಯ ತೊಂದರೆ ಅದರಲ್ಲಿ ಬರೆಯಬೇಕು, ರಿಪೇರಿ ಮಾಡಿದವರು ಎದುರಿಗೆ ಉತ್ತರ ಬರೆಯಬೇಕು. ‘ಬ್ರೇಕ್ ಅನ್ನುವುದು ಏನಾದರೂ ಇದ್ದರೆ ನೋಡಿ’ ಎಂದು ಒಬ್ಬ ಡ್ರೈವರು ಬರೆದ. ‘ಬ್ರೇಕ್ ಇದೆ. ಒತ್ತಲು ಕಾಲು ಇದೆಯೇ ನೋಡಿಕೊಳ್ಳಿ’ ಎಂದು ಉತ್ತರ ಬಂತು. ‘ಗೇರ್ ಹಾಕಿದರೆ ಅಳುತ್ತದೆ.’ ‘ಯಾರು, ನೀವೋ ಗೇರೋ?’ ಓದಲು ಮಜವಾಗಿತ್ತು, ಆದರೆ ಗಾಡಿಗಳು ಹಾಗೇ ಹೊರಗೆ ಹೋಗುತ್ತಿದ್ದವು.

ಅದಕ್ಕಿಂತ ಕೆಟ್ಟದ್ದೊಂದು ಆಯಿತು. ನಮ್ಮ ಡಿಪೋದಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯಿತ್ತು. ಬ್ರೇಕ್ ಕೆಲಸ ಮಾಡಿದ ಮೆಕ್ಯಾನಿಕ್ ಅದೇ ಗಾಡಿಯಲ್ಲಿ ಡ್ರೈವರ ಪಕ್ಕ ಕೂತು ಅಂಗಳದಲ್ಲಿ ಒಂದು ಸುತ್ತು ಬರಬೇಕು. ತಾನು ಮುಟ್ಟಿದ ಬ್ರೇಕಿಗೆ ತನ್ನ ಜೀವವನ್ನೇ ಜಾಮೀನು ಕೊಟ್ಟ ಹಾಗೆ. ಆ ಒಂದು ಸುತ್ತಿನಲ್ಲಿ ಅರ್ಧ ಜಗಳಗಳು ಹುಟ್ಟುವ ಮೊದಲೇ ಸಾಯುತ್ತಿದ್ದವು. ಈಗ ಅದೂ ನಿಂತುಹೋಯಿತು.

ಮ್ಯಾನೇಜರ್ ಒಳ್ಳೆಯವರು, ಎಲ್ಲಕ್ಕೂ ಸಭೆ ಕರೆಯುವ ಒಂದು ಚಟ ಬಿಟ್ಟರೆ. ರಾಜಿಗೆಂದು ಸಭೆ ಕರೆದರು. ಯಾವ ಗುಂಪು ಮೊದಲು ಒಳಗೆ ಹೋಗಬೇಕು ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ನಡಾವಳಿ ಪುಸ್ತಕದಲ್ಲಿ ಬರೆಯಲು ಸಿಕ್ಕಿದ್ದು ಒಂದೇ ಸಾಲು: ‘ಸಭೆ ನಡೆಯಿತು.’

ಮರುದಿನ ನಾನು ಶೆಡ್ಡಿನಲ್ಲಿ ನಿಂತಿದ್ದ ಒಂದು ಗಾಡಿಯೊಳಗೆ ಕೂತು ಹೊಲಿಯುತ್ತಿದ್ದಾಗ ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದರು. ಸುತ್ತ ನೋಡಿ, ಸೀಟಿಲ್ಲದ ಬರೀ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಲು ಹೋಗಿ, ಎದ್ದು ನಿಂತರು.

“ನೀವು ಇಬ್ರಿಗೂ ಬೇಕಾದೋರು. ಒಂಚೂರು ಮಾತಾಡಿ ನೋಡಿ ಅಮ್ಮಾ,” ಎಂದರು. “ಆದ್ರೆ ನಾನು ಹೇಳಿದೆ ಅಂತ ಮಾತ್ರ ಬೇಡ.”

“ಹಾಗಾದ್ರೆ ಯಾರು ಹೇಳಿದ್ರು ಅನ್ಲಿ?”

“ಯಾರೂ ಹೇಳಿಲ್ಲ ಅನ್ನಿ. ನಾನು ಇಲ್ಲಿಗೆ ಬಂದೇ ಇಲ್ಲ.”

“ಸರಿ ಸಾರ್. ನೀವು ಬಂದಿಲ್ಲ, ನಾನು ನಿಮ್ಮನ್ನ ನೋಡಿಲ್ಲ. ಇಳಿಯುವಾಗ ಮಾತ್ರ ನೋಡಿಕೊಂಡು ಇಳೀರಿ, ಎರಡನೇ ಮೆಟ್ಟಿಲು ಸಡಿಲ ಇದೆ.”

ಅವರು ಹೇಳದಿದ್ದರೂ ನಾನು ಮಾಡುತ್ತಿದ್ದೆ. ಮನೆಯಲ್ಲಿ ಗಂಡ ಗೋಡೆ ನೋಡಿಕೊಂಡು ಊಟ ಮಾಡುತ್ತಿದ್ದರು. ತಮ್ಮ ಭಾನುವಾರ ಮನೆಗೆ ಬರುವುದನ್ನು ಬಿಟ್ಟಿದ್ದ. ಸೋಮವಾರದ ವಿಚಾರಣೆ ಹೇಗೇ ಮುಗಿದರೂ, ಕೆಲಸ ಕಳೆದುಕೊಂಡವರು ಉಳಿಸಿಕೊಂಡವರ ಮುಖ ಇನ್ನು ನೋಡುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಭಯವೂ ಇತ್ತು. ಆ ತಿಂಗಳು ನಾನು ಎಷ್ಟು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆನೋ ಲೆಕ್ಕವಿಲ್ಲ.

ನಿಂತ ಗಾಡಿಯೊಳಗೆ ಕೂತು ಹೊಲಿಯುವವಳ ಹತ್ತಿರ ಎಲ್ಲರೂ ಬಂದು ಮಾತಾಡುತ್ತಾರೆ. ಯಾಕೆಂದರೆ ನನ್ನ ಕಣ್ಣು ಸೂಜಿಯ ಮೇಲಿರುತ್ತದೆ. ಗಂಡಸರಿಗೆ ಮುಖ ನೋಡಿಕೊಂಡು ಹೇಳಲಾಗದ ಮಾತುಗಳು ಎದುರಿನ ಸೀಟಿನ ಬೆನ್ನು ನೋಡಿಕೊಂಡರೆ ಸಲೀಸಾಗಿ ಬರುತ್ತವೆ. ಬೆಳಗ್ಗೆ ಡ್ರೈವರುಗಳು ಬರುತ್ತಿದ್ದರು, ಮಧ್ಯಾಹ್ನ ವರ್ಕ್‌ಶಾಪಿನವರು. ನಾನು ಮಾಡಿಕೊಂಡ ನಿಯಮಗಳು ಎರಡೇ. ಬಿಸಿ ಮಾತನ್ನು ಅದೇ ದಿನ ಮುಟ್ಟಿಸಬಾರದು. ಯಾವ ಮಾತನ್ನೂ ಹೇಳಿದ ಹಾಗೇ ಮುಟ್ಟಿಸಬಾರದು.

“ನಿನ್ನ ಗಂಡನಿಗೆ ಹೇಳಕ್ಕಾ,” ಎಂದಿದ್ದ ತಮ್ಮ, “ಬ್ರೇಕ್ ನೋಡೋಕೆ ಬರದಿದ್ರೆ ರಸ್ತೆ ಬದೀಲಿ ಕೂತು ಸೈಕಲ್ ಪಂಕ್ಚರ್ ಹಾಕು ಅಂತ.”

ಎರಡು ದಿನ ಬಿಟ್ಟು ನಾನು ಗಂಡನಿಗೆ ತಲುಪಿಸಿದೆ: “ಭಾವನಷ್ಟು ಬ್ರೇಕ್ ಗೊತ್ತಿರೋರು ಈ ಊರಲ್ಲಿ ಇಲ್ಲ, ಅವರ ಕೈ ತಪ್ಪಿತು ಅಂದ್ರೆ ನಂಗೇ ನಂಬೋಕಾಗಲ್ಲ ಅಂತಿದ್ದ ರೀ.”

ಗಂಡ ತಟ್ಟೆಯಿಂದ ತಲೆ ಎತ್ತಿದರು. “ಹಾಗಂದ್ನಾ?”

“ಹಾಗೇ ಅಂದ.”

“ಅವನಿಗೆ ತಳ್ಳುಗಾಡಿ ಕೊಟ್ರೂ ಗೋಡೆಗೇ ಗುದ್ದುತಾನೆ, ಹೋಗಿ ಹೇಳು,” ಎಂದರು. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಅದು ತಮ್ಮನಿಗೆ ಹೀಗೆ ತಲುಪಿತು: “ಇಪ್ಪತ್ತು ವರ್ಷ ಗಾಡಿಗೆ ಒಂದು ಗೀರು ಬೀಳದ ಹಾಗೆ ಓಡಿಸಿದವನು, ಪಾಪ, ಅವನಿಗೇ ಹೀಗಾಗಬೇಕಿತ್ತಾ ಅಂದ್ರು ಕಣೋ.”

ಇದು ಸುಳ್ಳಲ್ಲವೇ ಎಂದು ಕೇಳಿದರೆ, ಸುಳ್ಳೇ. ಮನೆಯಲ್ಲಿ ಇಬ್ಬರು ಸತ್ಯವಂತರಿದ್ದಾಗ ಮೂರನೆಯವರು ಆ ಕೆಲಸ ಮಾಡಲೇಬೇಕಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಯಾರಾದರೂ ಹಾವಿನ ಹತ್ತಿರ ಒಂದು, ಕೋಲಿನ ಹತ್ತಿರ ಇನ್ನೊಂದು ಹೇಳದೆ ಆಗುವುದಿಲ್ಲ.

ಉಳಿದವರ ಜಗಳ ಮೂರು ವಾರದಲ್ಲಿ ತಣ್ಣಗಾಯಿತು. ದೂರು ಪುಸ್ತಕದಲ್ಲಿ ಒಂದು ದಿನ ‘ದಯವಿಟ್ಟು’ ಕಾಣಿಸಿಕೊಂಡಿತು. ಮರುದಿನ ‘ಸರಿಪಡಿಸಿದೆ, ಓಡಿಸಿ ನೋಡಿ ಹೇಳಿ’ ಎಂದು ಬಂತು. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ಬಂದು ಕೂತು ನನ್ನ ಆರಾಮ ಹಾಳು ಮಾಡಿದರು. ಊರೆಲ್ಲ ರಾಜಿಯಾಯಿತು. ಜಗಳ ಶುರುವಾದ ಮನೆ ಮಾತ್ರ ಹಾಗೇ ಉಳಿಯಿತು.

ವಿಚಾರಣೆಗೆ ನಾಲ್ಕು ದಿನವಿರುವಾಗ ಗಂಡ ಹೇಳಿದರು: “ಒಂದೇ ಒಂದು ಸಲ ಅವನು ನನ್ನ ಪಕ್ಕ ಕೂತು ಆ ಬ್ರೇಕ್ ಹೇಗೆ ಹಿಡಿಯುತ್ತೆ ನೋಡ್ಲಿ.” ಅದೇ ದಿನ ಬೆಳಗ್ಗೆ ತಮ್ಮನೂ ಹೇಳಿದ್ದ: “ಒಂದೇ ಒಂದು ಸಲ ಅವರು ನನ್ನ ಪಕ್ಕ ಕೂತು ಆ ಬ್ರೇಕ್ ಹೇಗೆ ಹಿಡಿಯಲ್ಲ ನೋಡ್ಲಿ.” ಇಡೀ ತಿಂಗಳಲ್ಲಿ ನಾನು ಒಂದಕ್ಷರವನ್ನೂ ಬದಲಿಸದೆ ಮುಟ್ಟಿಸಿದ ಮಾತು ಅದೊಂದೇ.

ಭಾನುವಾರ ಬೆಳಗ್ಗೆ ಎಂದು ಗೊತ್ತುಮಾಡಿದೆವು. ಕಾಗದ ಇಲ್ಲ, ಸಾಕ್ಷಿ ಇಲ್ಲ, ಇಬ್ಬರೂ ಪರಸ್ಪರ ಮಾತಾಡುವ ಹಾಗೂ ಇಲ್ಲ. ಹದಿನೇಳನೇ ಗಾಡಿ ಅಂಗಳದ ಮೂಲೆಯಲ್ಲಿ ನಿಂತಿತ್ತು. ಮುಂದಿನ ಗಾಜು ಹೊಸದಾಗಿ ಹಾಕಿದ್ದರು, ಮಿಕ್ಕ ಏನನ್ನೂ ವಿಚಾರಣೆ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿರಲಿಲ್ಲ. “ಭಾನುವಾರ ನಾನು ಊರಲ್ಲಿ ಇರಲ್ಲ,” ಎಂದ ಮ್ಯಾನೇಜರ್ ಗಾಡಿಯ ಕೀಲಿಯನ್ನು ನನ್ನ ಹೊಲಿಗೆ ಯಂತ್ರದ ಮೇಲೆ ಮರೆತು ಹೋದರು. ಅಷ್ಟು ಚೆನ್ನಾಗಿ ಮರೆಯುವವರನ್ನು ನಾನು ಬೇರೆ ಕಂಡಿಲ್ಲ.

ಗಂಡ ಅಂಗಳದಲ್ಲಿ ನೀರಿನ ಡ್ರಮ್ ಒಂದನ್ನು ಇಟ್ಟು, ಅದರಿಂದ ಹೆಜ್ಜೆ ಅಳೆದು ಮುಂದೆ ಸುಣ್ಣದಲ್ಲಿ ಗೆರೆ ಎಳೆದರು. ಡ್ರಮ್ಮಿನ ಹತ್ತಿರ ಬಂದಾಗ ಬ್ರೇಕ್ ಒತ್ತಬೇಕು. ಗೆರೆ ದಾಟುವ ಮೊದಲು ಗಾಡಿ ನಿಲ್ಲಬೇಕು. ಇಬ್ಬರಿಗೂ ಒಂದೇ ವೇಗ. ಇಬ್ಬರ ನಡುವೆ ಎಂಜಿನ್ ಮುಚ್ಚಳದ ಮೇಲೆ ನಾನು.

ಮೊದಲು ಗಂಡ ಓಡಿಸಿದರು. ಗಾಡಿ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತು.

“ನಿನ್ನ ತಮ್ಮನಿಗೆ ಹೇಳು, ಬ್ರೇಕ್ ಅಂದ್ರೆ ಇದು ಅಂತ.”

ತಮ್ಮ ಎರಡು ಅಡಿ ದೂರದಲ್ಲಿ ಕೂತಿದ್ದ. ನಾನು ಅವನ ಕಡೆ ತಿರುಗಿ, “ಬ್ರೇಕ್ ಅಂದ್ರೆ ಇದಂತೆ,” ಎಂದೆ.

ಆಮೇಲೆ ತಮ್ಮ ಓಡಿಸಿದ. ಗಾಡಿ ಗೆರೆ ದಾಟಿ ನಾಲ್ಕು ಅಡಿ ಮುಂದೆ ಹೋಗಿ ನಿಂತಿತು.

“ನಿನ್ನ ಗಂಡನಿಗೆ ಹೇಳು, ಒತ್ತಿದ್ದು ಕಣ್ಣಾರೆ ನೋಡಿದ್ರಲ್ಲ ಅಂತ.”

“ಒತ್ತಿದ್ದನ್ನ ನೋಡಿದ್ರಂತಲ್ಲ.”

“ತಡವಾಗಿ ಒತ್ತಿದ ಅಂತ ಹೇಳು.”

“ಡ್ರಮ್ಮಿನ ಹತ್ತಿರಾನೇ ಕಾಲೆತ್ತಿದೆ ಅಂತ ಹೇಳು!”

ಇನ್ನೊಂದು ಸಲ ಮಾಡಿದರು. ಗಂಡನದು ಗೆರೆಯ ಹಿಂದೆ, ತಮ್ಮನದು ಗೆರೆಯ ಮುಂದೆ. ಮತ್ತೆ ಮಾಡಿದರೂ ಅದೇ. ಇಬ್ಬರೂ ತಾವು ಗೆದ್ದೆವು ಎಂದು ಕೆಂಪಾಗಿ ಕೂತಿದ್ದರು. ರಾಜಿಗೆಂದು ಕರೆತಂದವಳು ಜಗಳಕ್ಕೆ ಪುರಾವೆ ಒದಗಿಸಿ ಕೊಟ್ಟ ಹಾಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಮುಖ ಮರೆಮಾಡಲು ತಲೆ ತಗ್ಗಿಸಿದೆ. “ಇನ್ನೊಂದೇ ಸಲ,” ಎಂದು ತಮ್ಮ ಗಾಡಿ ಹೊರಡಿಸಿದಾಗ ನನ್ನ ಕಣ್ಣು ಅವನ ಕಾಲಿನ ಮೇಲಿತ್ತು.

ಡ್ರೈವರುಗಳು ಹಿಮ್ಮಡಿಯನ್ನು ನೆಲಕ್ಕೂರಿ ಪಾದವನ್ನು ಮಾತ್ರ ಈ ಪೆಡಲಿನಿಂದ ಆ ಪೆಡಲಿಗೆ ಹೊರಳಿಸುತ್ತಾರೆ. ಗಂಡನೂ ಹಾಗೇ ಮಾಡಿದ್ದರು. ಅವರು ಆರಡಿ ಆಳು. ತಮ್ಮನದು ನಮ್ಮ ಮನೆಯ ಎತ್ತರ, ಅಂದರೆ ಎತ್ತರವೇ ಇಲ್ಲ. ಅವನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಗಾಳಿಯಲ್ಲಿತ್ತು. ಬ್ರೇಕ್ ಒತ್ತಲು ಅವನು ಇಡೀ ಕಾಲನ್ನೇ ಎತ್ತಿ, ಸರಿಸಿ, ತುದಿಬೆರಳಿನಲ್ಲಿ ಅದುಮುತ್ತಿದ್ದ. ಡ್ರಮ್ಮಿನ ಹತ್ತಿರವೇ ಕಾಲೆತ್ತಿದ್ದ, ನಿಜ. ಒತ್ತಿದ್ದು ತಡವಾಗಿತ್ತು, ಅದೂ ನಿಜ.

ಇಪ್ಪತ್ತು ವರ್ಷ ಅವನ ಹಿಮ್ಮಡಿ ನೆಲ ಮುಟ್ಟಿಯೇ ಇತ್ತು. ಈಗ ಕಾಲೇನೂ ಗಿಡ್ಡವಾಗಿರಲಿಲ್ಲ, ಸೀಟೇ ಎತ್ತರವಾಗಿತ್ತು. ಆ ಹಳೇ ಗಾಡಿಯಲ್ಲಿ ಸೀಟನ್ನು ಮೇಲೆ ಕೆಳಗೆ ಮಾಡುವ ಹಿಡಿಕೆ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ನಾನು ಮೆತ್ತೆಯನ್ನು ಎಷ್ಟು ದಪ್ಪ ಮಾಡಿದರೆ ಅಷ್ಟೇ ಎತ್ತರ. ಗೋಡೆಗೆ ಗುದ್ದಿದ್ದರ ಹಿಂದಿನ ಸಂಜೆ ನಾನೇ ಅದನ್ನು ಹೊಸದಾಗಿ ಹೊಲಿದು ಕೂರಿಸಿದ್ದೆ. ತಮ್ಮ ಬೆನ್ನುನೋವು ಎನ್ನುತ್ತಿದ್ದ. ಅಳತೆಯ ಪ್ರಕಾರ ಒಂದು ಪದರ ಫೋಮ್ ಸಾಕಾಗಿತ್ತು. ಕೂರುವವನು ತಮ್ಮನಲ್ಲವೇ ಎಂದು ಇನ್ನೊಂದು ಪದರ ಸೇರಿಸಿ ಹೊಲಿದಿದ್ದೆ. ಎರಡು ಬೆರಳಿನಷ್ಟು. ಮಧ್ಯಾಹ್ನದ ಪಾಳಿಯ ಡ್ರೈವರು ಉದ್ದನೆಯ ಆಳು, ಅವನಾಗಿದ್ದರೆ ಏನೂ ಆಗುತ್ತಿರಲಿಲ್ಲ.

ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ನಾನು ಸುಮ್ಮನಿದ್ದರೆ ಮುಗಿಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಸುಮ್ಮನಿರೋಣ ಎಂದೇ ನಾನು ಮೊದಲು ಯೋಚಿಸಿದ್ದು. ನನ್ನದು ಕಾಯಂ ಕೆಲಸವಲ್ಲ. ನನ್ನನ್ನು ಮನೆಗೆ ಕಳಿಸಲು ವಿಚಾರಣೆಯೂ ಬೇಡ, ಹಾಳೆಯೂ ಬೇಡ, ‘ನಾಳೆಯಿಂದ ಬರಬೇಡಮ್ಮಾ’ ಎಂದರೆ ಸಾಕು. ಗಾಡಿ ಗೆರೆ ದಾಟಿ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು, ಇನ್ನೊಬ್ಬರಿಗೆ ತಲುಪಿಸಲು ಬೈಗುಳ ಸಿದ್ಧ ಮಾಡಿಕೊಂಡು.

ಆ ಎರಡು ಮುಖ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

“ಏಳೋ,” ಎಂದೆ ತಮ್ಮನಿಗೆ. ಚೀಲದಿಂದ ಕತ್ತರಿ ತೆಗೆದು ಡ್ರೈವರ್ ಸೀಟಿನ ಹೊಲಿಗೆಯನ್ನು ಒಂದು ಕಡೆಯಿಂದ ಬಿಚ್ಚತೊಡಗಿದೆ.

“ಅಕ್ಕಾ, ಏನ್ ಮಾಡ್ತಿದ್ದೀಯಾ?”

“ಅಲ್ಲಾ, ಇವಳಿಗೆ ಏನಾಯ್ತು...” ಎಂದು ಗಂಡ ಯಾರನ್ನೋ ಕೇಳಿದರು. ಅಲ್ಲಿ ತಮ್ಮನ ಹೊರತು ಯಾರೂ ಇರಲಿಲ್ಲ.

ಒಳಗಿನ ಎರಡನೇ ಪದರವನ್ನು ಎಳೆದು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. “ಈಗ ಕೂತು ಓಡಿಸು,” ಎಂದೆ.

ಗಾಡಿ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತು.

ತಮ್ಮ ತನ್ನ ಹಿಮ್ಮಡಿಯನ್ನೇ ನೋಡುತ್ತಿದ್ದ. ಗಂಡ ನನ್ನ ಕಂಕುಳಿನಿಂದ ಫೋಮ್ ತೆಗೆದುಕೊಂಡು ಬೆರಳಿಟ್ಟು ಅಳೆದರು.

“ಎರಡು ಬೆರಳು ಕಣೋ,” ಎಂದರು. ನನಗಲ್ಲ, ಅವನಿಗೆ.

“ಹೌದು ಭಾವ. ಎರಡು ಬೆರಳು.”

“ಹಿಮ್ಮಡಿ ಊರದೆ ಹೇಗೋ ಓಡಿಸಿದೆ ಅಷ್ಟು ದೂರ?”

“ಏನೋ ಎಡವಟ್ಟು ಅನ್ನಿಸ್ತಿತ್ತು. ಇದು ಅಂತ ತಿಳೀಲಿಲ್ಲ.”

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಒಂದು ತಿಂಗಳು ಕೂಡಿಟ್ಟ ಸಿಟ್ಟೆಲ್ಲ ನನ್ನ ಮೇಲೆ ಬಂತು. ಯಾರು ನಿನಗೆ ಎರಡು ಪದರ ಹಾಕಲು ಹೇಳಿದರು ಎಂದು ಒಬ್ಬರು, ನಾನೇನು ರಾಜನೇ ಎಂದು ಇನ್ನೊಬ್ಬ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಮುಂದುವರಿಸುತ್ತಿದ್ದ. ಅಷ್ಟು ಹೊಂದಾಣಿಕೆಯಿಂದ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬೈಸಿಕೊಳ್ಳುತ್ತ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಿದರೆ ನೀವು ನಂಬುವುದಿಲ್ಲ.

“ನೀವೇ ಹೇಳಿದ್ರಂತಲ್ಲ ಭಾವ,” ಎಂದ ತಮ್ಮ ನಡುವೆ, “ಇಪ್ಪತ್ತು ವರ್ಷ ಒಂದು ಗೀರು ಬೀಳದ ಹಾಗೆ ಓಡಿಸಿದವನು ಅಂತ.”

“ನಾನೆಲ್ಲಿ ಹಾಗಂದೆ? ಭಾವನ ಕೈ ತಪ್ಪಿತು ಅಂದ್ರೆ ನಂಬೋಕಾಗಲ್ಲ ಅಂತ ನೀನಲ್ವಾ ಅಂದಿದ್ದು?”

“ನಾನಾ? ನಾನು ಪಂಕ್ಚರ್ ಹಾಕೋಕೆ ಹೋಗಿ ಅಂದಿದ್ದೆ.”

ಮತ್ತೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಿಚ್ಚಿದ ಸೀಟನ್ನು ಹೊಲಿಯಲು ಬಗ್ಗಿದೆ.

ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಸೇರಿ ಒಂದು ತೀರ್ಮಾನ ಮಾಡಿದರು: ನಾಳೆ ನಾನು ವಿಚಾರಣೆಯ ಹತ್ತಿರ ಸುಳಿಯಬಾರದು. ಫೋಮಿನ ಮಾತು ಅಂಗಳದಲ್ಲೇ ಸಮಾಧಿಯಾಗಬೇಕು. ‘ನಾನು ನೋಡಿಕೊಳ್ತೀನಿ’ ಎಂದು ಗಂಡ, ‘ನಾನು ನೋಡಿಕೊಳ್ತೀನಿ’ ಎಂದು ತಮ್ಮ. ಏನು ನೋಡಿಕೊಳ್ಳುತ್ತಾರೆ ಎಂದು ಇಬ್ಬರೂ ಹೇಳಲಿಲ್ಲ. ನಾನು ತಲೆಯಾಡಿಸಿದೆ. ಒಂದು ತಿಂಗಳಿಂದ ಸುಳ್ಳು ಹೇಳಿ ರೂಢಿಯಾಗಿತ್ತು.

ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ನಾನು ಫೋಮನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲ ಹೊರಗೆ ನಿಂತೆ. ಬಾಗಿಲು ತೆಳು ಪ್ಲೈವುಡ್ಡಿನದು, ಎಲ್ಲವೂ ಕೇಳುತ್ತಿತ್ತು.

“ಹೇಳಿ,” ಎಂದರು ಅಧಿಕಾರಿ. ವಯಸ್ಸಾದ, ದಣಿದ ದನಿ.

“ನನ್ನ ಕಾಲು ತಡವಾಯ್ತು ಸಾರ್,” ಎಂದ ತಮ್ಮ. “ಬ್ರೇಕ್ ಚೆನ್ನಾಗೇ ಇತ್ತು. ಚಾಲಕನ ದೋಷ ಅಂತ ಬರ್ಕೊಳ್ಳಿ.”

“ಅವನು ಹೇಳೋದು ಕೇಳಬೇಡಿ ಸಾರ್,” ಎಂದರು ಗಂಡ. “ಗಾಡಿ ಸರಿಯಿದೆ ಅಂತ ಸಹಿ ಹಾಕಿದ್ದು ನಾನು. ವಾಹನದ ದೋಷ ಅಂತ ಬರ್ಕೊಳ್ಳಿ.”

“ಅವರಿಗೆ ಮಕ್ಕಳ ಓದು ಇದೆ ಸಾರ್.”

“ಅವನಿಗೆ ಇನ್ನೂ ಹದಿನೈದು ವರ್ಷ ಸರ್ವೀಸ್ ಇದೆ ಸಾರ್.”

ಕಾಗದ ತಿರುವುವ ಸದ್ದಾಯಿತು. “ಅಲ್ರೀ, ಮೊದಲು ನೀವಿಬ್ರೂ ಬರೆದ ಕಾಗದ ನನ್ನ ಮುಂದೆ ಇದೆ. ಅದರಲ್ಲಿ ಪೂರ್ತಿ ಉಲ್ಟಾ ಇದೆಯಲ್ರೀ!”

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, “ನೀವು ಯಾರು? ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ,” ಎಂದರು. ಗಂಡ ‘ಹೋಗು’ ಎಂದು ಕಣ್ಣಲ್ಲೇ ಗದರಿದರು. ನಾನು ಫೋಮನ್ನು ಮೇಜಿನ ಮೇಲೆ, ಅವರ ಕಾಗದಗಳ ಮೇಲೇ ಇಟ್ಟೆ.

“ಸೀಟು ಹೊಲಿಯೋಳು ಸಾರ್. ಇವರ ಹೆಂಡತಿ, ಇವನ ಅಕ್ಕ. ಗೋಡೆ ಬೀಳಿಸಿದ್ದು ನಾನು,” ಎಂದೆ.

ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದೆ. ಬೆನ್ನುನೋವು, ಎರಡನೇ ಪದರ, ಹಿಮ್ಮಡಿ, ಅಂಗಳದ ಗೆರೆ, ಏನನ್ನೂ ಬಿಡಲಿಲ್ಲ. ಮ್ಯಾನೇಜರ್ ಕೀಲಿ ಮರೆತದ್ದನ್ನು ಮಾತ್ರ ನಾನೂ ಮರೆತೆ.

ಅಧಿಕಾರಿ ಫೋಮನ್ನು ಒತ್ತಿ ನೋಡಿದರು. “ಡ್ರೈವರು ಕೂತ ತಕ್ಷಣ ಎತ್ತರ ಅನ್ನಿಸಬೇಕಲ್ಲ. ಬೇರೆ ಸೀಟು ಕೇಳಬಹುದಿತ್ತು. ದೂರು ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?”

ತಮ್ಮ ನೆಲ ನೋಡಿದ. “ಅನ್ನಿಸ್ತು ಸಾರ್. ಡಿಪೋ ಗೇಟಲ್ಲೇ ಅನ್ನಿಸ್ತು. ಆದ್ರೆ ನನ್ನ ಬೆನ್ನಿಗೆ ಅಂತ ಅಕ್ಕ ಸಂಜೆ ಏಳರ ತನಕ ಕೂತು ಹೊಲಿದಿದ್ಲು. ಅದರ ಮೇಲೆ ದೂರು ಬರೆಯೋಕೆ ಮನಸ್ಸು ಬರ್ಲಿಲ್ಲ. ಕೂತು ಕೂತು ತಗ್ಗುತ್ತೆ ಅಂದ್ಕೊಂಡೆ.”

ನಿನ್ನೆ ‘ತಿಳೀಲಿಲ್ಲ’ ಎಂದಿದ್ದ. ಕಲ್ಲಿನ ಸಮೇತ ಒಪ್ಪಿಕೊಳ್ಳುವವನು ಜೀವಮಾನದಲ್ಲಿ ಒಂದು ಸುಳ್ಳು ಹೇಳಿದ್ದ, ಅದೂ ನನಗೆ ನೋವಾಗದಿರಲಿ ಎಂದು.

“ಹೊಸ ಸೀಟು ಹಾಕಿದ್ರೆ ಎತ್ತರ ಅಳೆದು ಸಹಿ ಹಾಕಬೇಕು ಅಂತ ನಿಯಮ ಇದೆ,” ಎಂದು ಅಧಿಕಾರಿ ಗಂಡನ ಕಡೆ ತಿರುಗಿದರು. “ಅಳೆದ್ರಾ?”

“ಇಲ್ಲ ಸಾರ್.” ಗಂಡ ಒಮ್ಮೆ ನನ್ನ ಕಡೆ ನೋಡಿದರು. “ಬೇರೆ ಯಾರು ಹೊಲಿದಿದ್ರೂ ಅಳೀತಿದ್ದೆ. ಇವಳು ಹೊಲಿದಿದ್ದು, ಅಳೆಯೋದೇನಿದೆ ಅಂತ ಸಹಿ ಹಾಕ್ಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇವಳ ಕೆಲಸದಲ್ಲಿ ಒಂದು ಎಳೆ ತಪ್ಪಿದ್ದು ನಾನು ಕಂಡಿಲ್ಲ.”

ಅಡುಗೆಯ ಬಗ್ಗೆ ನಿಜ ಹೇಳುವ ಆ ಮನುಷ್ಯ ಈ ಒಂದು ಮಾತನ್ನು ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿರಲಿಲ್ಲ. ಅಧಿಕಾರಿಯ ಮುಂದೆ, ಕೆಲಸ ಹೋಗುವ ಹೊತ್ತಿನಲ್ಲಿ ಹೇಳುತ್ತಿದ್ದರು. ಒಬ್ಬರು ನನ್ನ ಮೇಲಿನ ನಂಬಿಕೆಗೆ ಅಳೆಯಲಿಲ್ಲ, ಇನ್ನೊಬ್ಬ ನನ್ನ ಮೇಲಿನ ಪ್ರೀತಿಗೆ ಬರೆಯಲಿಲ್ಲ, ನಾನು ಪ್ರೀತಿ ಹೆಚ್ಚಾಗಿ ಎರಡು ಪದರ ಹೊಲಿದೆ. ಪಾಪದ ಗೋಡೆ ಮಾಡಿದ ತಪ್ಪೇನು? ನನಗೆ ಅಳು ತಡೆಯಲಾಗಲಿಲ್ಲ, ಎಲ್ಲರ ಮುಂದೆಯೇ ಅತ್ತುಬಿಟ್ಟೆ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಒರೆಸಿದರು. “ಇದನ್ನ ಬರ್ಕೊಳ್ಳಲ್ಲ, ಸುಮ್ನೆ ಕೇಳ್ತೀನಿ,” ಎಂದರು. “ಒಬ್ಬರ ಮುಖ ಒಬ್ಬರು ನೋಡಲ್ಲ ಅಂತ ಕೇಳಿದ್ದೆ. ಇಬ್ಬರನ್ನೂ ಒಂದೇ ಗಾಡಿ ಹತ್ತಿಸಿದ್ದು ಯಾರು?”

ಮ್ಯಾನೇಜರ್ ಕಿಟಕಿಯ ಹೊರಗೆ ಏನನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅಧಿಕಾರಿ ನನ್ನ ಕಡೆ ನೋಡಿ ತಲೆಯಾಡಿಸಿ, ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ದೋಷ ಮೂವರಲ್ಲೂ ಸಮ. ಮೂವರಿಗೂ ಲಿಖಿತ ಎಚ್ಚರಿಕೆ. ಗೋಡೆಯನ್ನು ಡಿಪೋ ಕಟ್ಟಿಸಿಕೊಡತಕ್ಕದ್ದು. ಯಾರನ್ನೂ ಕೆಲಸದಿಂದ ತೆಗೆಯುವ ಅಗತ್ಯ ಕಂಡುಬಂದಿಲ್ಲ. ಆ ಕೊನೆಯ ಸಾಲನ್ನು ನಾನು ಇನ್ನೊಮ್ಮೆ ಓದಿಸಿದೆ. ಅವರು ಬೇಸರವಿಲ್ಲದೆ ಓದಿದರು.

“ಸಹಿ ಹಾಕಿ,” ಎಂದು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ‘ತಪ್ಪಿತಸ್ಥರು’ ಎಂಬ ಕಡೆ ಒಬ್ಬರ ಹೆಸರಿಗೆ ಮಾತ್ರ ಸಾಲುವಷ್ಟು ಚಿಕ್ಕ ಚೌಕವಿತ್ತು. “ಮೂವತ್ತು ವರ್ಷದಲ್ಲಿ ಈ ಚೌಕಕ್ಕೆ ನೂಕುನುಗ್ಗಲು ಆಗಿದ್ದು ಇದೇ ಮೊದಲು.”

ತಮ್ಮ ಮೊದಲು ಹಾಕಿದ. ಆಮೇಲೆ ಗಂಡ ಪೆನ್ನು ತೆಗೆದುಕೊಂಡು ಮಾಮೂಲಿ ಉದ್ದನೆಯ ಸಹಿಯನ್ನು ಶುರು ಮಾಡಿದರು. ತಮ್ಮ ಅವರ ಮೊಣಕೈ ಹಿಡಿದು ತಡೆದ.

“ಚಿಕ್ಕದಾಗಿ ಹಾಕಿ ಭಾವ,” ಎಂದ. “ಅಕ್ಕನಿಗೂ ಜಾಗ ಬೇಕು.”

ಗಂಡ ಅಕ್ಷರಗಳನ್ನು ಒತ್ತಿ ಒತ್ತಿ ಸಣ್ಣದಾಗಿ ಬರೆದು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಅವರಿಬ್ಬರ ಸಹಿಯ ನಡುವೆ ಒಂದಿಷ್ಟು ಜಾಗ ಉಳಿದಿತ್ತು, ನಾನು ಅಲ್ಲಿ ನನ್ನ ಹೆಸರು ಬರೆದೆ.